ಬೀರುವಿನ ಬೀಗದಕೈ

ನಮ್ಮ ಶಾಲೆಯ ಗ್ರಂಥಾಲಯ ಅಂದರೆ ಒಂದು ಕೋಣೆಯೇನಲ್ಲ. ಸ್ಟಾಫ್ ರೂಮಿನ ಗೋಡೆಗೆ ಒರಗಿ ನಿಂತ ಎರಡು ಕಬ್ಬಿಣದ ಬೀರು, ಕಿಟಕಿಯ ಪಕ್ಕ ಒಂದು ತೆರೆದ ರ್‍ಯಾಕು, ಅಷ್ಟೆ. ಬೀರುವಿನ ಬೀಗದಕೈ ಹನ್ನೊಂದು ವರ್ಷದಿಂದ ನನ್ನ ಬ್ಯಾಗಿನಲ್ಲಿದೆ. ಗ್ರಂಥಪಾಲಕರು ಎಂಬುವರು ನಮ್ಮಲ್ಲಿಲ್ಲ. ಕನ್ನಡ ಹೇಳಿಕೊಡುವವರಿಗೆ ಪುಸ್ತಕದ ಉಸ್ತುವಾರಿಯೂ ತಾನಾಗಿಯೇ ಬಂದುಬಿಡುತ್ತದೆ, ಹೊಸ ಸೊಸೆಗೆ ಅಡುಗೆಮನೆ ಬಂದ ಹಾಗೆ. ನನ್ನ ಮನೆ ನಂಜನಗೂಡು, ಶಾಲೆ ಇರುವುದು ತಿ. ನರಸೀಪುರದಲ್ಲಿ. ನಮ್ಮೂರ ಕಪಿಲೆಯೂ ಅತ್ತಲೇ ಹರಿದು ಹೋಗಿ ನರಸೀಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅವಳು ಹೋದವಳು ಹಿಂದಿರುಗುವುದಿಲ್ಲ. ನಾನು ಮಾತ್ರ ಸಾಯಂಕಾಲದ ಬಸ್ಸಿಗೆ ಬೀಗದಕೈ ಸಮೇತ ವಾಪಸು ಬರುತ್ತೇನೆ.

ಹೋದ ವರ್ಷ ಜುಲೈನಲ್ಲಿ ಹೊಸ ಪುಸ್ತಕಗಳ ಕಟ್ಟು ಬಂತು. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದ ಮೇಲೆ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆಂದೇ 5 ಸಾವಿರದಿಂದ 20 ಸಾವಿರ ರೂಪಾಯಿಯವರೆಗೆ ಅನುದಾನ ಕೊಡುವ ಪದ್ಧತಿ ಶುರುವಾಯಿತು. ಹಿಂದೆಲ್ಲ ಬರುತ್ತಿದ್ದ ಪುಸ್ತಕಗಳು ನಿಮಗೂ ಗೊತ್ತಿರಬಹುದು: ಮಹಾಪುರುಷರ ಜೀವನಚರಿತ್ರೆ, ನೀತಿಕಥೆ, ಪತ್ರಲೇಖನ. ಮಕ್ಕಳು ಅವುಗಳ ಬೆನ್ನು ನೋಡಿಯೇ ಹಿಂದೆ ಸರಿಯುತ್ತಿದ್ದರು. ಈ ಸಲದ ಕಟ್ಟು ಹಾಗಿರಲಿಲ್ಲ. ತೇಜಸ್ವಿಯವರ ‘ಪರಿಸರದ ಕಥೆ’ ಇತ್ತು, ಜಪಾನಿನ ತೊತ್ತೊ-ಚಾನ್ ಎಂಬ ತುಂಟ ಹುಡುಗಿಯ ಕಥೆ ಇತ್ತು, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇತ್ತು, ಆನ್ ಫ್ರಾಂಕಳ ದಿನಚರಿ ಇತ್ತು. ಜೊತೆಗೆ ಹದಿಹರೆಯದವರಿಗೆಂದೇ ಈಗೀಗ ಬರೆಯುತ್ತಿರುವವರ ಏಳೆಂಟು ತೆಳುವಾದ ಪುಸ್ತಕಗಳು.

ಹೊಸ ಪುಸ್ತಕಕ್ಕೆ ಸೀಲು ಹೊಡೆಯುವುದು, ನಂಬರು ಬರೆಯುವುದು, ಲೇಬಲ್ ಅಂಟಿಸುವುದು ನಮ್ಮಲ್ಲಿ ಒಂದು ಹಬ್ಬ. ಒಂಬತ್ತನೇ ತರಗತಿಯ ಐದು ಹುಡುಗಿಯರು ಸಂಜೆ ಬೆಲ್ ಹೊಡೆದ ಮೇಲೂ ನಿಂತು ಸಹಾಯ ಮಾಡಿದರು. ಅವರಲ್ಲಿ ಒಬ್ಬಳು ತಲಕಾಡಿನ ಕಡೆಯ ಹಳ್ಳಿಯಿಂದ ಬರುವವಳು. ಮಾತು ಕಮ್ಮಿ, ಕೈಬರಹ ದುಂಡಗೆ, ಆದ್ದರಿಂದ ರಿಜಿಸ್ಟರಿನಲ್ಲಿ ಹೆಸರು ಬರೆಯುವ ಕೆಲಸ ಅವಳದು. ನೀಲಿ ರಟ್ಟಿನ ಒಂದು ಕಥೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಅವಳು ನಿಂತಲ್ಲೇ ಎರಡು ಪುಟ ಓದಿದ್ದನ್ನು ನಾನು ನೋಡಿದೆ. “ಬಸ್ಸು ಹೋಗುತ್ತೆ ಕಣೇ, ಬೇಗ ಬರಿ,” ಅಂದೆ.

ಪುಸ್ತಕ ಮಕ್ಕಳ ಕೈಗೆ ಹೋಗುವ ಮೊದಲು ಒಂದು ಸಲ ನಾನು ಕಣ್ಣಾಡಿಸುವ ರೂಢಿ. ನಾಲ್ಕೈದು ದಿನ ಮನೆಗೆ ಹೊತ್ತುಕೊಂಡು ಹೋಗಿ ರಾತ್ರಿ ಊಟವಾದ ಮೇಲೆ ಓದಿದೆ. ಓದಿ ನಾಲ್ಕು ಪುಸ್ತಕಗಳನ್ನು ಬೇರೆ ತೆಗೆದೆ. ‘ಫಣಿಯಮ್ಮ’ದಲ್ಲಿ ಮುಟ್ಟು, ಹೆರಿಗೆ, ತಲೆ ಬೋಳಿಸುವುದು ಎಲ್ಲ ಬರುತ್ತದೆ, ಎಂಟನೆಯವರ ಕೈಗೆ ಸಿಕ್ಕಿದರೆ ಹೇಗೆ? ಆನ್ ಫ್ರಾಂಕ್ ತಾಯಿಯ ಬಗ್ಗೆ ಖಾರವಾಗಿ ಬರೆದಿದ್ದಾಳೆ. ಇನ್ನೊಂದರಲ್ಲಿ ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಸಾವು. ನಾಲ್ಕನೆಯದು ಆ ನೀಲಿ ಪುಸ್ತಕ. ಅದರ ಹೆಸರು ಇಲ್ಲಿ ಬೇಡ, ಬರೆದವರ ತಪ್ಪು ಇದರಲ್ಲಿ ಏನೂ ಇಲ್ಲ.

ಅದರಲ್ಲಿನ ಒಂದು ಕಥೆ ಹೀಗೆ: ಹತ್ತನೇ ತರಗತಿಯ ಹುಡುಗಿಗೆ ಸೋದರಮಾವನ ಜೊತೆ ಮದುವೆ ಗೊತ್ತಾಗುತ್ತದೆ. ಅವಳು ಕ್ಲಾಸ್ ಟೀಚರ ಬಳಿ ಹೇಳಿಕೊಳ್ಳುತ್ತಾಳೆ. ಆಕೆ ಒಂದು ರಾತ್ರಿ ನಿದ್ದೆಗೆಟ್ಟು, ಮಾರನೆಯ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತಾಳೆ. ಅಧಿಕಾರಿಗಳು ಬರುತ್ತಾರೆ, ಮದುವೆ ನಿಲ್ಲುತ್ತದೆ. ಮನೆಯಲ್ಲಿ ಯಾರೂ ಹುಡುಗಿಯೊಡನೆ ಮಾತಾಡುವುದಿಲ್ಲ. ಊರಿನವರು ಟೀಚರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು ಬೈಯುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಸುಖಾಂತ್ಯವೂ ಇಲ್ಲ, ದುಃಖಾಂತ್ಯವೂ ಇಲ್ಲ.

ಒಳ್ಳೆಯ ಕಥೆಯೇ. ಆದರೂ ತೆಗೆದು ಬೀರುವಿನ ಮೇಲಿನ ಅರೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಹಿಂದೆ ಇಟ್ಟೆ. ‘ಹುಡುಗಿಯರ ತಲೆ ಕೆಡುತ್ತದೆ’ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಸ್ಟ್‌ನಲ್ಲಿ ಆ ದುಂಡುಬರಹದ ಹುಡುಗಿ ಬಂದು ಕೇಳಿದಳು: “ಮಿಸ್, ಆ ನೀಲಿ ಪುಸ್ತಕ ಕೊಡ್ತೀರಾ?”

“ಅದು ಬೈಂಡಿಂಗಿಗೆ ಕೊಟ್ಟಿದೀನಮ್ಮ.”

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. “ಹೊಸ ಪುಸ್ತಕ ಅಲ್ವಾ ಮಿಸ್?” ಅಂದಳು. ನಾನು ಹಾಜರಿ ಪುಸ್ತಕದಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಆಮೇಲೆ ಅವಳು ಕೇಳಲಿಲ್ಲ. ಆ ಪುಸ್ತಕವನ್ನಷ್ಟೇ ಅಲ್ಲ, ಯಾವ ಪುಸ್ತಕವನ್ನೂ ಕೇಳಲಿಲ್ಲ. ದಸರಾ ರಜಕ್ಕೆ ಮೊದಲು ಎಲ್ಲರೂ ಎರಡೆರಡು ಪುಸ್ತಕ ತೆಗೆದುಕೊಂಡು ಹೋದರು. ಅವಳು ಸಾಲಿನಲ್ಲೇ ನಿಲ್ಲಲಿಲ್ಲ.

ನೀವು ತಾಯಂದಿರು, ನಿಮ್ಮ ಮನೆಯಲ್ಲೂ ಇದು ನಡೆದಿರುತ್ತದೆ. ಮಗಳು ಏನು ಓದಬೇಕು, ಏನು ಓದಬಾರದು ಎಂದು ತೀರ್ಮಾನಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಹೆತ್ತದ್ದರಿಂದಲೇ? ಸಂಬಳ ತೆಗೆದುಕೊಳ್ಳುವುದರಿಂದಲೇ? ಅವಳಿಗಿಂತ ಮೂವತ್ತು ನಲವತ್ತು ವರ್ಷ ಹೆಚ್ಚು ಊಟ ಮಾಡಿದ್ದರಿಂದಲೇ?

ನಾನು ಓದಿದ್ದು ಹೇಗೆಂದು ನೆನೆದರೆ ನನಗೇ ನಗು ಬರುತ್ತದೆ. ಎಂಬತ್ತರ ದಶಕ, ನಂಜನಗೂಡು. ದಿನಕ್ಕೆ ಇಷ್ಟು ಪೈಸೆ ಎಂದು ಕಾದಂಬರಿ ಬಾಡಿಗೆಗೆ ಕೊಡುವ ಲೈಬ್ರರಿಗಳಿದ್ದ ಕಾಲ. “ಕಾದಂಬರಿ ಓದಿದ ಹೆಣ್ಣು ಕೈಗೆ ಸಿಗಲ್ಲ” ಎಂದು ನಮ್ಮಜ್ಜಿ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದರು. ನಾನು ಭೂಗೋಳದ ಪುಸ್ತಕದೊಳಗೆ ತ್ರಿವೇಣಿಯವರ ‘ಶರಪಂಜರ’ ಇಟ್ಟುಕೊಂಡು ಓದುತ್ತಿದ್ದೆ. ಬಾಣಂತಿತನದಲ್ಲಿ ಮನಸ್ಸು ಕೆಟ್ಟ ಹೆಣ್ಣೊಬ್ಬಳು ವಾಸಿಯಾಗಿ ಬಂದರೂ ಮನೆಯವರು ಅವಳನ್ನು ವಾಸಿಯಾದವಳೆಂದು ಒಪ್ಪದ ಕಥೆ ಅದು. ಒಂದು ದಿನ ಅಮ್ಮನ ಕೈಗೆ ಸಿಕ್ಕಿಬಿದ್ದೆ. ಬೆನ್ನಿಗೆ ಬೀಳುತ್ತದೆ ಅಂದುಕೊಂಡೆ. ಅಮ್ಮ ಹೊರಗೆ ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕಡೆ ಒಮ್ಮೆ ನೋಡಿ, ಮೆಲ್ಲಗೆ, “ಮುಗಿಸಿ ನನಗೆ ಕೊಡು. ನಂದೂ ಅರ್ಧ ಆಗಿದೆ,” ಅಂದಳು. ಅವಳದು ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತಂತೆ. ಒಂದೇ ಪುಸ್ತಕವನ್ನು ತಾಯಿ ಮಗಳು ಇಬ್ಬರೂ ಕದ್ದು ಓದುತ್ತಿದ್ದೆವು! ಆ ಅಮ್ಮನ ಮಗಳು ನಾನು, ಪುಸ್ತಕವನ್ನು ಉತ್ತರಪತ್ರಿಕೆಯ ಹಿಂದೆ ಇಟ್ಟೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಹೆಣ್ಣುಮಕ್ಕಳಿಗಾಗಿ ಹೊಸ ಪುಸ್ತಕ ಎಂಬ ಯೋಚನೆ ಕನ್ನಡದಲ್ಲಿ ಹುಟ್ಟಿದ ಜಾಗಗಳಲ್ಲಿ ನಮ್ಮೂರೂ ಒಂದು. ನಂಜನಗೂಡು ತಿರುಮಲಾಂಬಾ ಅವರು ಹುಟ್ಟಿದ್ದು 1887ರಲ್ಲಿ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ನನ್ನ ಒಂಬತ್ತನೇ ತರಗತಿಯ ಹುಡುಗಿಯರ ವಯಸ್ಸು, ನೋಡಿ. ಅಂದಿನ ಕಾಲಕ್ಕೆ ಅಲ್ಲಿಗೆ ಬದುಕು ಮುಗಿದ ಹಾಗೆ. ಆದರೆ ವಕೀಲರಾಗಿದ್ದ ತಂದೆ ಮಗಳನ್ನು ಓದಲು ಬಿಟ್ಟರು. 1913ರಲ್ಲಿ ಆಕೆ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಶುರುಮಾಡಿದರು. ‘ಸುಶೀಲೆ’ ಕಾದಂಬರಿ ಬಂತು, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಇಂಥವರು ನಮ್ಮೂರಿನವರು ಎಂಬುದು ನನಗೆ ತಿಳಿದದ್ದು ಬಿ.ಎ. ಓದುವಾಗ. ತೇರಿನ ಬೀದಿಯಲ್ಲಿ ದಿನಾ ಓಡಾಡಿದ ನನಗೆ ಶಾಲೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ಈಗ ನಾನು ಹೇಳುತ್ತಿದ್ದೇನೆಯೇ ಎಂದು ಕೇಳಬೇಡಿ. ಪಾಠ ಮುಗಿಸುವುದೇ ದೊಡ್ಡದಾಗಿದೆ.

ಗ್ರಂಥಮಾಲೆಯ ಹೆಸರಿನಲ್ಲೇ ‘ಸತಿ’ ಇದೆ, ‘ಹಿತ’ವೂ ಇದೆ. ಹೆಣ್ಣಿಗೆ ಯಾವುದು ಒಳ್ಳೆಯದು ಎಂದು ತಿರುಮಲಾಂಬಾ ಅವರೂ ತೀರ್ಮಾನಿಸಿದವರೇ. ಇಂದಿನ ಹುಡುಗಿಯರು ಓದಿದರೆ “ಇಷ್ಟೊಂದು ಬುದ್ಧಿವಾದವಾ ಮಿಸ್?” ಅನ್ನಬಹುದು. ಆದರೆ ಅವರ ತೀರ್ಮಾನ ಅಚ್ಚಾಗಿ ಬೀದಿಗೆ ಬಂತು. ಬೇಕಾದವರು ಒಪ್ಪಿದರು, ಬೇಡದವರು ಜಗಳ ಆಡಬಹುದಿತ್ತು. ನನ್ನ ತೀರ್ಮಾನ ಬೀರುವಿನ ಕತ್ತಲೆಯಲ್ಲಿತ್ತು. ಅದರ ಜೊತೆ ಯಾರೂ ಜಗಳ ಆಡುವ ಹಾಗಿರಲಿಲ್ಲ, ಏಕೆಂದರೆ ಅದು ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಆರಿಸುವುದಕ್ಕೂ ಅಡಗಿಸುವುದಕ್ಕೂ ನಡುವಿನ ವ್ಯತ್ಯಾಸ ಇಷ್ಟೇ ಇರಬೇಕು. ಗುಂಜಾ ನರಸಿಂಹಸ್ವಾಮಿಯ ಊರಿನಲ್ಲಿ ಪಾಠ ಮಾಡುವವಳು ನಾನು. ನಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಇಲ್ಲಿಯ ಜನ ಹೇಳುತ್ತಾರೆ. ಆ ಒಂದು ಗುಲಗಂಜಿಯ ವ್ಯತ್ಯಾಸ ಸಣ್ಣದಲ್ಲ.

ಬೇರೆ ತೆಗೆದ ನಾಲ್ಕರಲ್ಲಿ ಆನ್ ಫ್ರಾಂಕಳ ದಿನಚರಿ ಇತ್ತು ಅಂದೆನಲ್ಲ, ಆ ಪುಸ್ತಕಕ್ಕೇ ಈ ಗತಿ ಒಮ್ಮೆ ಆಗಿತ್ತು. 1942ರ ಜೂನ್ 12ರಂದು ಹದಿಮೂರನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕದಲ್ಲಿ ಆ ಹುಡುಗಿ ಬರೆಯತೊಡಗಿದಳು. ಆಮ್‌ಸ್ಟರ್‌ಡ್ಯಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ನಾಜಿಗಳಿಗೆ ಹೆದರಿ ಎಂಟು ಜನ ಅಡಗಿದ್ದರು. ಕೊನೆಗೆ ಉಳಿದು ಬಂದವರು ಆಕೆಯ ತಂದೆ ಒಬ್ಬರೇ. ಮಗಳು 1945ರಲ್ಲಿ ಸೆರೆಶಿಬಿರದಲ್ಲಿ ತೀರಿಕೊಂಡಾಗ ಹದಿನೈದು ವರ್ಷ. ತಂದೆ ದಿನಚರಿಯನ್ನು 1947ರಲ್ಲಿ ಅಚ್ಚು ಮಾಡಿಸಿದಾಗ, ಮಗಳು ತನ್ನ ದೇಹದ ಬಗ್ಗೆ ಬರೆದ ಕೆಲವು ಮಾತು, ತಾಯಿಯ ಮೇಲಿನ ಸಿಟ್ಟಿನ ಕೆಲವು ಮಾತು ಬಿಟ್ಟರು. ಎಷ್ಟೋ ವರ್ಷದ ಮೇಲೆ ಪೂರ್ಣ ರೂಪ ಹೊರಬಂತು. ಆ ತಂದೆಯನ್ನು ದೂರುವ ಮನಸ್ಸು ನನಗಿಲ್ಲ. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡವರು, ಸತ್ತ ಹೆಂಡತಿಯ ಮರ್ಯಾದೆ ಕಾಯಲು ನೋಡಿದರು. ಆದರೆ ಬಿಟ್ಟ ಮಾತುಗಳನ್ನು ಓದಿದ ಮೇಲೆ ಯಾರಾದರೂ ಆ ತಾಯಿಯನ್ನು ದ್ವೇಷಿಸಿದರೇ? ನನಗಂತೂ ಹುಡುಗಿ ಇನ್ನಷ್ಟು ಹತ್ತಿರವಾದಳು. ಹದಿನಾಲ್ಕು ವರ್ಷದವಳು ಅಮ್ಮನ ಮೇಲೆ ಸಿಟ್ಟಾಗದೆ ಇನ್ಯಾರ ಮೇಲೆ ಆಗಬೇಕು?

ನಮ್ಮ ಶಾಲೆಯ ವಿಜ್ಞಾನದ ಮೇಡಂ ನನ್ನನ್ನು ಹಾಸ್ಯ ಮಾಡಿದರು: “ಅಲ್ರೀ, ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಏನೇನು ನೋಡ್ತಾವೋ. ನೀವು ಅರವತ್ತು ಪುಟದ ಪುಸ್ತಕ ಬಚ್ಚಿಟ್ಕೊಂಡು ಕೂತಿದೀರಿ!” ಸ್ಟಾಫ್ ರೂಮೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮೊಬೈಲಿನಲ್ಲಿ ಕೆಟ್ಟದ್ದಿದೆ ಎನ್ನುವುದು ಪುಸ್ತಕ ಕೊಡುವುದಕ್ಕೂ ಕಾರಣವಲ್ಲ, ಕೊಡದಿರುವುದಕ್ಕೂ ಅಲ್ಲ. ಮೊಬೈಲಿನಲ್ಲಿ ಕಂಡದ್ದನ್ನು ಹುಡುಗಿ ಒಬ್ಬಳೇ ಕಾಣುತ್ತಾಳೆ. ಪುಸ್ತಕದ ಮೊದಲ ಪುಟದಲ್ಲಿ ಶಾಲೆಯ ಸೀಲು ಇರುತ್ತದೆ. ‘ಈ ಮಾತನ್ನು ಆಡಬಹುದು, ನಮ್ಮ ಶಾಲೆಯಲ್ಲಿ ಆಡಬಹುದು, ಬಂದು ಕೇಳಿದರೆ ಮಿಸ್ ಉತ್ತರ ಕೊಡುತ್ತಾರೆ’ ಎಂದು ಆ ನೇರಳೆ ಮಸಿಯ ದುಂಡು ಗುರುತು ಹೇಳುತ್ತದೆ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಸೀಲೇ ಎಂದು ಹೊಳೆಯಲು ಇನ್ನೂ ಮೂರು ತಿಂಗಳು ಬೇಕಾಯಿತು.

ಕಾರ್ತಿಕ ಮಾಸ ಕಳೆದ ಮೇಲೆ ಒಂದು ದಿನ ಐದು ಜನರಲ್ಲಿ ಇನ್ನೊಬ್ಬಳು ಬಾಯಿಬಿಟ್ಟಳು. ದುಂಡುಬರಹದ ಹುಡುಗಿಯ ಅಕ್ಕನಿಗೆ ಮದುವೆಯಾಯಿತಂತೆ, ಅಜ್ಜಿಯ ಊರಿನಲ್ಲಿ, ಮಾವನ ಜೊತೆ. ಅಕ್ಕನೂ ನಮ್ಮ ಶಾಲೆಯವಳೇ. ಎಸ್ಸೆಸ್ಸೆಲ್ಸಿ ಪಾಸಾಗಿ, ಪಿಯುಸಿಗೆ ಸೇರಿ ಅರ್ಧಕ್ಕೆ ಬಿಟ್ಟವಳು. “ಆ ಪುಸ್ತಕ ಅವಳಿಗಲ್ಲ ಮಿಸ್, ಅವರಕ್ಕನಿಗೆ ಬೇಕಿತ್ತು. ಆಗಲೇ ಮಾತುಕತೆ ಆಗಿತ್ತು.”

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆಫೀಸಿಗೆ ಹೋಗಿ ದಾಖಲಾತಿ ಪುಸ್ತಕ ತೆಗೆದೆ. ಹುಟ್ಟಿದ ದಿನಾಂಕ ನೋಡಿದೆ, ಬೆರಳಿನಲ್ಲಿ ಎಣಿಸಿದೆ. ಹದಿನೆಂಟಕ್ಕೆ ನಾಲ್ಕು ತಿಂಗಳು ಕಮ್ಮಿ. 2006ರ ಕಾಯಿದೆ, 2016ರಲ್ಲಿ ನಮ್ಮ ರಾಜ್ಯ ಮಾಡಿದ ತಿದ್ದುಪಡಿ, ಹದಿನೆಂಟರೊಳಗಿನ ಹುಡುಗಿಯ ಮದುವೆ ಮೊದಲಿನಿಂದಲೂ ಅಸಿಂಧು ಎಂಬುದು, ಎಲ್ಲವನ್ನೂ ತರಬೇತಿಯಲ್ಲಿ ಬರೆದುಕೊಂಡು ಬಂದಿದ್ದೇನೆ. 1098 ನಮ್ಮ ಶಾಲೆಯ ಗೋಡೆಯ ಮೇಲೇ ಬರೆದಿದೆ. ಹೇಳಬೇಕಾದ ಕಡೆ ಹೇಳಿದೆನೇ? ಇಲ್ಲ. ಪುಸ್ತಕ ಮುಚ್ಚಿ ಇದ್ದ ಜಾಗದಲ್ಲಿ ಇಟ್ಟೆ. ಮದುವೆ ಆಗಿಹೋಗಿದೆ, ಇನ್ನು ನಾಲ್ಕೇ ತಿಂಗಳು, ಈಗ ಹೋಗಿ ಹೇಳಿದರೆ ತಂಗಿಯನ್ನು ಶಾಲೆ ಬಿಡಿಸುತ್ತಾರೆ ಎಂದು ಎಷ್ಟು ಕಾರಣ ಬೇಕೋ ಅಷ್ಟನ್ನೂ ಜೋಡಿಸಿಕೊಂಡೆ. ಒಂದೊಂದು ಕಾರಣವೂ ಸರಿಯಾಗಿಯೇ ಕಾಣುತ್ತಿತ್ತು.

ಅವತ್ತು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನಾನು ಬಚ್ಚಿಟ್ಟದ್ದು ಆ ಕಥೆಯ ಹುಡುಗಿಯನ್ನಲ್ಲ, ಆ ಕಥೆಯ ಟೀಚರನ್ನು. ಹುಡುಗಿ ಏನು ಮಾಡಿಬಿಡುತ್ತಾಳೋ ಎಂಬ ಭಯ ನನ್ನದಾಗಿರಲಿಲ್ಲ. ಕಥೆ ಓದಿ ಒಬ್ಬಳು ನನ್ನ ಮುಂದೆ ಬಂದು ನಿಂತರೆ? ನಾನು ಆ ಟೀಚರಿನ ಹಾಗೆ ಮಾಡುತ್ತೇನೆ ಎಂದು ನಂಬಿ ನಿಂತರೆ? ಆಗ ನಿದ್ದೆಗೆಡಬೇಕಾದವಳು ನಾನು, ಬಸ್ ಸ್ಟ್ಯಾಂಡಿನಲ್ಲಿ ಬೈಸಿಕೊಳ್ಳಬೇಕಾದವಳು ನಾನು. ‘ಮಕ್ಕಳ ಮನಸ್ಸಿಗೆ ಒಗ್ಗದು’ ಎಂದು ನಾವು ಎತ್ತಿಡುವ ಪುಸ್ತಕಗಳಲ್ಲಿ ಹಿರಿಯರ ಬೆನ್ನಿಗೆ ಒಗ್ಗದವು ಎಷ್ಟಿವೆಯೋ!

ಪುಸ್ತಕ ಸಿಕ್ಕಿದ್ದರೆ ಆ ಮದುವೆ ನಿಲ್ಲುತ್ತಿತ್ತೇ? ನನಗೆ ಗೊತ್ತಿಲ್ಲ. ಒಂದು ಕಥೆಗೆ ಅಷ್ಟು ಶಕ್ತಿ ಇದೆಯೆಂದು ಕನ್ನಡ ಮೇಡಂ ಆದ ನಾನೂ ಹೇಳಲಾರೆ. ಅಕ್ಕ ಓದಿ, ನಿಟ್ಟುಸಿರು ಬಿಟ್ಟು, ಹಸೆಮಣೆ ಏರುತ್ತಿದ್ದಳೋ ಏನೋ. ಆದರೆ ಕೇಳಲು ಒಂದು ಬಾಗಿಲಿದೆಯೇ ಎಂದು ತಂಗಿ ತಟ್ಟಿ ನೋಡಿದಳು. ಒಳಗಿದ್ದವಳು ಮನೆಯಲ್ಲಿಲ್ಲ ಎಂದು ಹೇಳಿ ಕಳಿಸಿದಳು.

ಹಾಗಾದರೆ ಎಲ್ಲ ಪುಸ್ತಕವನ್ನೂ ಎಲ್ಲರಿಗೂ ಕೊಟ್ಟುಬಿಡಿ ಎನ್ನುತ್ತೀರಾ ಎಂದು ನೀವು ಕೇಳಬಹುದು. ಅದನ್ನೂ ನಾನು ಒಪ್ಪುವುದಿಲ್ಲ. ಆ ನಾಲ್ಕರಲ್ಲಿ ನಪಾಸಾದ ಹುಡುಗನ ಕಥೆ ಇತ್ತಲ್ಲ, ಅದನ್ನು ಈಗಲೂ ತೆರೆದ ರ್‍ಯಾಕಿನಲ್ಲಿ ಇಟ್ಟಿಲ್ಲ. ಬರೆದವರಿಗೆ ಕನಿಕರವೇನೋ ಇದೆ. ಆದರೆ ಹುಡುಗ ಜೀವ ತೆಗೆದುಕೊಳ್ಳುವುದನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ, ಅವನು ಹೋದ ಮೇಲೆ ಬೈದ ಅಪ್ಪ, ಹಂಗಿಸಿದ ಮೇಷ್ಟ್ರು ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ. ಫಲಿತಾಂಶದ ದಿನಗಳಲ್ಲಿ ನಮ್ಮ ಮಕ್ಕಳ ಮುಖ ನೋಡಿದವಳು ನಾನು. ಸತ್ತರೆ ಎಲ್ಲರೂ ಒಳ್ಳೆಯವರಾಗುತ್ತಾರೆ ಎಂಬ ಮಾತಿನ ಮೇಲೆ ಶಾಲೆಯ ಸೀಲು ಇರುವುದು ಬೇಡ. ಇದನ್ನು ತರಗತಿಯಲ್ಲೇ ಹೇಳಿದೆ: “ಇಂಥ ಒಂದು ಪುಸ್ತಕ ನನ್ನ ಹತ್ತಿರ ಇದೆ, ಈ ಕಾರಣಕ್ಕೆ ಕೊಡುತ್ತಿಲ್ಲ. ಓದಲೇಬೇಕು ಅನ್ನುವವರು ಬನ್ನಿ, ಕೂತು ಜೊತೆಯಲ್ಲಿ ಓದೋಣ.” ಇಬ್ಬರು ಹುಡುಗರು ಬಂದರು. ಓದಿ ಮುಗಿಸಿ ಒಬ್ಬ, “ಅವನಿಗೆ ಫ್ರೆಂಡ್ಸೇ ಇರಲಿಲ್ವಾ ಮಿಸ್?” ಅಂದ. ಬರೆದವರಿಗೂ ಹೊಳೆಯದ ಪ್ರಶ್ನೆ.

ಉಳಿದ ಮೂರನ್ನು ಡಿಸೆಂಬರಿನಲ್ಲಿ ರ್‍ಯಾಕಿಗೆ ತಂದಿಟ್ಟೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೀರುಗಳನ್ನೂ ಶಾಲೆಯ ಹೊತ್ತಿನಲ್ಲಿ ತೆರೆದಿಡಲು ಶುರುಮಾಡಿದೆ. ಪುಸ್ತಕ ಕಳೆದರೆ ಉಸ್ತುವಾರಿಯವರ ಜೇಬಿಗೇ ಬರುತ್ತದೆ ಎಂಬ ಹೆದರಿಕೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಇದೆ, ಬೀಗ ಹಾಕುವುದಕ್ಕೆ ನೀತಿಗಿಂತ ಅದೇ ದೊಡ್ಡ ಕಾರಣ. ಹಿಂದೆ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕವನ್ನು ಸರಪಣಿಯಿಂದ ಕಟ್ಟಿಡುತ್ತಿದ್ದರಂತೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದಾಗ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಈ ಐದು ತಿಂಗಳಲ್ಲಿ ಎರಡು ಪುಸ್ತಕ ಕಳೆದಿವೆ. ಒಂದು ‘ಫಣಿಯಮ್ಮ’. ಯಾರ ಮನೆಯ ಅಕ್ಕಿ ಡಬ್ಬದ ಹಿಂದೆ ಇದೆಯೋ, ಯಾವ ತಾಯಿ ಓದುತ್ತಿದ್ದಾಳೋ. ದುಡ್ಡು ನಾನೇ ಹಾಕಿ ಇನ್ನೊಂದು ಪ್ರತಿ ತರಿಸಿದೆ.

ದುಂಡುಬರಹದ ಹುಡುಗಿ ಈಗ ಹತ್ತನೇ ತರಗತಿ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಅವಳನ್ನು ಕರೆದು ನೀಲಿ ಪುಸ್ತಕ ಕೈಗಿಟ್ಟೆ. “ಅವತ್ತು ನಾನು ಸುಳ್ಳು ಹೇಳಿದೆ ಕಣಮ್ಮ, ಇದು ಬೀರುವಿನಲ್ಲೇ ಇತ್ತು,” ಅಂದೆ. ಮೂವತ್ತು ವರ್ಷದ ನೌಕರಿಯಲ್ಲಿ ವಿದ್ಯಾರ್ಥಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವಳು “ಗೊತ್ತಿತ್ತು ಮಿಸ್,” ಅಂದಳು. “ಅಕ್ಕ ಹೇಗಿದಾಳೆ?” ಅಂದೆ. “ಇದಾಳೆ ಮಿಸ್,” ಅಂದಳು. ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಹೋದಳು.

ನಾಲ್ಕನೆಯ ದಿನ ನಾನು ತರಗತಿಯಲ್ಲಿದ್ದಾಗ ಪುಸ್ತಕ ಹಿಂದಿರುಗಿಸಿ ಹೋಗಿದ್ದಾಳೆ. ನಮ್ಮ ವಿತರಣೆ ರಿಜಿಸ್ಟರಿನಲ್ಲಿ ಮಕ್ಕಳೇ ಬರೆದು ಸಹಿ ಮಾಡುವುದು ವಾಡಿಕೆ. ಪುಸ್ತಕದ ಹೆಸರು, ತೆಗೆದುಕೊಂಡ ದಿನ, ಕೊಟ್ಟ ದಿನ ಎಲ್ಲ ಅದೇ ದುಂಡು ಅಕ್ಷರದಲ್ಲಿತ್ತು. ಯಾರೂ ಎಂದೂ ತುಂಬದ ‘ಷರಾ’ ಎಂಬ ಕೊನೆಯ ಕಾಲಮ್ಮಿನಲ್ಲಿ ಅವಳು ಬರೆದಿದ್ದಳು: ‘ಬೈಂಡಿಂಗ್ ಚೆನ್ನಾಗಿದೆ.’